ವಿಶ್ವಸನೀಯ ಮೂಲಗಳು

ರಂಜನಾ ಕೆಮ್ಮಿದಳು, ಕೆಮ್ಮು ನೇರವಾಗಿ ಅಂಬಿಕಾಳ ಬಲಗಿವಿಯೊಳಗೇ ಬಂದು ಬಿತ್ತು, ಪಣಜಿಯ ಸ್ಟುಡಿಯೋದಲ್ಲಿ ತಂಪಾಗಿ ಕೂತವಳ ನೆಗಡಿಗೆ ನಲವತ್ತೈದು ಕಿಲೋಮೀಟರ್ ಆಚೆ ವಾರ್ಕಾದ ಬಿಸಿಲಲ್ಲಿ ನಿಂತವಳ ಕಿವಿ ಯಾಕೆ ತುರಿಸಬೇಕು, ತುರಿಸಿಕೊಳ್ಳುವಂತೆಯೂ ಇಲ್ಲ, ಯಾವ ಗಳಿಗೆಯಲ್ಲಾದರೂ ಲೈವ್ ಶುರುವಾಗಬಹುದು, ಕ್ಯಾಮೆರಾ ಹಿಂದೆ ಮಧು ಮೂರು ಬೆರಳು ಎತ್ತಿದ್ದಾನೆ, ಮೂರು ನಿಮಿಷವೋ ಮೂರು ಸೆಕೆಂಡೋ, ಹತ್ತು ವರ್ಷ ಜೊತೆಗೆ ದುಡಿದರೂ ಇವನ ಬೆರಳಿನ ಭಾಷೆ ಅವಳಿಗೆ ತಿಳಿದಿಲ್ಲ — ಬೆನ್ನ ಹಿಂದೆ ರೆಸಾರ್ಟಿನ ಗೇಟು, ಗೇಟಿನ ಆಚೆ ವಿರೋಧ ಪಕ್ಷದ ಅಷ್ಟೂ ಶಾಸಕರು ಈಜುಕೊಳದಲ್ಲಿ, ಆಳುವ ಪಕ್ಷದವರು ದೋನಾಪಾವ್ಲಾದ ಇನ್ನೊಂದು ಈಜುಕೊಳದಲ್ಲಿ, ಎರಡೂ ಕಡೆ ತಲೆ ಸಮಸಮ, ನಡುವೆ ಉಳಿದವನು ಪಕ್ಷೇತರ ಶಾಸಕ ಪುಂಡಲೀಕ ಬಾಬ ಒಬ್ಬನೇ, ಅವನು ಎತ್ತ ಕೈ ಎತ್ತಿದರೆ ಅತ್ತ ಸರ್ಕಾರ, ಇವತ್ತು ಮಧ್ಯಾಹ್ನ ಮೂರಕ್ಕೆ ವಿಶ್ವಾಸಮತ, ಅವನು ಮೂರು ದಿನದಿಂದ ಪತ್ತೆಯಿಲ್ಲ, ಮೂರು ದಿನದಿಂದ ಅವಳು ಈ ಗೇಟಿನ ಮುಂದೆ ನಿಂತು ಒಳಗೆ ಹೋಗುವವರನ್ನು ನೋಡುತ್ತಿದ್ದಾಳೆ, ಹೋದದ್ದು ಲಾಂಡ್ರಿ ವ್ಯಾನು, ಮೊಟ್ಟೆಯ ಗಾಡಿ, ಮಸಾಜು ಮಾಡುವ ಇಬ್ಬರು ಗಂಡಸರು, ಅವರಲ್ಲಿ ಒಬ್ಬನನ್ನು ಕೇಂದ್ರ ವೀಕ್ಷಕ ಎಂದು ತಿಳಿದು ಪ್ರಶ್ನೆ ಕೇಳಿಬಿಟ್ಟಿದ್ದಳು, ಅವನೂ ಸದ್ಯಕ್ಕೆ ಏನೂ ಹೇಳಲಾರೆ ಎಂದ, ಅದು ನಾಲ್ಕು ಗಂಟೆ ಪ್ರಸಾರವಾಯಿತು. ಮಧುವಿನ ಬೆರಳು ಇಳಿಯಿತು. ಹೌದು ರಂಜನಾ, ವಿಶ್ವಸನೀಯ ಮೂಲಗಳ ಪ್ರಕಾರ ಪುಂಡಲೀಕ ಬಾಬ ನಿನ್ನೆಯೇ ವಿಶೇಷ ವಿಮಾನದಲ್ಲಿ ದಿಲ್ಲಿಗೆ ತೆರಳಿದ್ದಾರೆ, ಅಲ್ಲಿ ಮಹತ್ವದ ಮಾತುಕತೆ — ವಿಶ್ವಸನೀಯ ಮೂಲ ಎಂದರೆ ಎದುರಿಗೆ ಎಳನೀರು ಮಾರುವವನು, ದಿಲ್ಲಿ ಎಂದು ಅವನೇ ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿದ್ದು, ನಿನಗೆ ಹೇಗೆ ಗೊತ್ತು ಎಂದರೆ ನಿನ್ನೆ ಟೀವಿಯಲ್ಲಿ ನೀವೇ ಹೇಳಿದಿರಲ್ಲ ಅಂಬಿಕಾಬಾಯಿ ಎಂದ.

ಸೊಂಟದ ಚೀಲದಲ್ಲಿ ಫೋನು ಗುಂಯ್ ಎನ್ನುತ್ತಿದೆ, ಅವ್ವ, ಇನ್ಯಾರು, ಮಗಳು ತೆರೆಯ ಮೇಲೆ ಕಂಡ ತಕ್ಷಣ ಫೋನು ಮಾಡುವುದು ಶಿವವ್ವನ ಪದ್ಧತಿ, ಆವಾಗಲೇ ನೀ ಎಲ್ಲಿದ್ದಿ ಅಂತ ಖಾತ್ರಿ ಗೊತ್ತಿರತೈತಲ್ಲ ಎನ್ನುತ್ತಾಳೆ, ಎಷ್ಟು ಸಾರಿ ಹೇಳಿದರೂ ಅಷ್ಟೇ, ಮುಖ್ಯಮಂತ್ರಿಯ ಪ್ರಮಾಣವಚನದ ಲೈವ್ ನಡುವೆಯೂ ಹೀಗೇ ಗುಂಯ್ ಎಂದಿತ್ತು, ತೆಗೆದರೆ ಮನೆಯಲ್ಲಿ ಉಪ್ಪು ತೀರಿದ ಸುದ್ದಿ. ರಂಜನಾ ಜಾಹೀರಾತಿಗೆ ಹೋದಳು, ಅಂಬಿಕಾ ಕಿವಿಯ ಗುಂಡಿ ಕಿತ್ತು ಫೋನು ಹಿಡಿದಳು, ಏನವ್ವಾ. ಬಿಸಲಾಗ ಯಾಕ ನಿಂತಿ, ಮಾರಿ ಕರ್ರಗ ಕಾಣಾಕತ್ತೇತಿ. ಅವ್ವಾ, ಕೆಲಸದಾಗ ಅದೀನಿ. ಹಂಗಾರ ಮುಗಿಸಿ ಬಾ, ಬರೂಮುಂದ ನಾಕು ಬಂಗಡಿ ಮೀನ ತಗೊಂಡು ಬಾ. ಮೀನು. ಗೋವಕ್ಕೆ ಬಂದು ನಲವತ್ತೆರಡು ವರ್ಷವಾದರೂ ಮೀನಿನ ವಾಸನೆ ಬಂದರೆ ಸೆರಗಿನಿಂದ ಮೂಗು ಮುಚ್ಚುವ ಶಿವವ್ವ, ಸಂತೆಗೆ ಹೋದರೆ ಮೀನಿನ ಸಾಲು ತಪ್ಪಿಸಲು ಅರ್ಧ ಮಡಗಾಂವ ಸುತ್ತಿ ಬರುವ ಶಿವವ್ವ, ಅವ್ವನ ತಲೆಗೆ ಬಿಸಿಲು ಹತ್ತಿತೇ ಎಂದು ಗಾಬರಿ, ಯಾರಿಗೆ ಅವ್ವಾ ಮೀನು. ನಮ್ಮ ಪುಂಡೂಗ, ಮೂರು ದಿನಾ ಆತು ಬರೇ ಪುಂಡಿಪಲ್ಲೆ ರೊಟ್ಟಿ ತಿನ್ನಾಕತ್ತಾನ, ಬಾಯಿ ಕೆಟ್ಟೇತಿ ಪಾಪ, ನಾ ಏನ್ ಮುಟ್ಟೂದಿಲ್ಲ, ಬಾಜೂ ಮನಿ ರಮಜಾನಬಿ ಹುರದು ಕೊಡ್ತೇನಿ ಅಂದಾಳ. ಯಾವ ಪುಂಡು ಎಂದು ಕೇಳುವಾಗಲೇ ಅಂಬಿಕಾ ಮಧುವಿಗೆ ಕೇಳಿಸದಷ್ಟು ದೂರ ಸರಿದಿದ್ದಳು. ಈಗ ನೀನ ಟೀವಿ ಒಳಗ ದಿಲ್ಲಿಗೆ ಹೋಗ್ಯಾನ ಅಂದೆಲ್ಲ, ಅಂವಾ.

ನನಗೆ ಹೊಟ್ಟೆನೋವು ಎಂದು ಮಧುವಿಗೆ ಹೇಳಿದಳು, ಸ್ಕೂಟರು ಹತ್ತಿ ಮಡಗಾಂವದ ಕಡೆ ತಿರುಗಿಸಿದರೆ ಹೆಲ್ಮೆಟ್ಟಿನೊಳಗೆ ತಲೆ ಕುಕ್ಕರಿನ ಹಾಗೆ ಸೀಟಿ ಹೊಡೆಯುತ್ತದೆ, ಇಡೀ ರಾಜ್ಯ ಹುಡುಕುತ್ತಿರುವ ಮನುಷ್ಯ ಮೋತಿ ಡೊಂಗರ್ ಗುಡ್ಡದ ತಗಡಿನ ಮನೆಯಲ್ಲಿ ಅವ್ವನ ಕೈ ರೊಟ್ಟಿ ತಿನ್ನುತ್ತಿದ್ದಾನೆ, ಹತ್ತೊಂಬತ್ತು ವರ್ಷ, ಒಂಬತ್ತು ವರ್ಷ ಪತ್ರಿಕೆ, ಹತ್ತು ವರ್ಷ ಟೀವಿ, ಇಂಥ ಸುದ್ದಿಗೆ ಕಾದು ಕಾದು ಕೂದಲು ಬೆಳ್ಳಗಾದವು, ಈಗ ಸಿಕ್ಕಿದೆ, ಅದೂ ಮೀನಿನ ಪಟ್ಟಿಯ ಜೊತೆ — ಪಣಜಿಯ ಮರಾಠಿ ದಿನಪತ್ರಿಕೆಯಲ್ಲಿ ಮೊದಲ ಎರಡು ವರ್ಷ ಅವಳು ಬರೆದದ್ದು ನಿಧನ ವಾರ್ತೆ ಮಾತ್ರ, ಸತ್ತವರೆಲ್ಲ ಸುಸ್ವಭಾವದವರು, ಎಲ್ಲರೊಡನೆ ಬೆರೆಯುವವರು, ಆಮೇಲೆ ಶಾಸಕರ ಬಗ್ಗೆ ಬರೆಯಲು ಕೂತಾಗಲೂ ಕೈ ತನ್ನಿಂತಾನೇ ಸುಸ್ವಭಾವದವರು ಎಂದು ಬರೆದುಬಿಡುತ್ತಿತ್ತು, ಹಳೆಯ ಸಂಪಾದಕರು ಕನ್ನಡಕದ ಮೇಲಿಂದ ನೋಡಿ ಇವರು ಇನ್ನೂ ಸತ್ತಿಲ್ಲ ಅಂಬಿಕಾಬಾಯಿ ಎನ್ನುತ್ತಿದ್ದರು. ಮೊದಲ ರಾಜಕೀಯ ಸುದ್ದಿಗೆ ಹೆಸರು ಹಾಕುವ ದಿನ ನಿನ್ನ ಅಡ್ಡಹೆಸರು ಏನು ಎಂದು ಅವರೇ ಕೇಳಿದ್ದು, ಅಪ್ಪ ಅಮೀನಪ್ಪ, ಊರು ಮುದ್ದೇಬಿಹಾಳದ ಕಡೆ, ಅಡ್ಡಹೆಸರು ಕೂಲಿ ಕೆಲಸದವರಿಗೆ ಯಾರು ಕೇಳಿದ್ದರು ಎಂದು ಇಟ್ಟುಕೊಳ್ಳಬೇಕು, ಸಂಪಾದಕರು ಪೆನ್ನನ್ನು ಅವಳತ್ತ ಸರಿಸಿದರು, ಬರಿ, ಅಂಬಿಕಾ ಮಡಗಾಂವಕರ್, ಯಾರೂ ಏನೂ ಕೇಳುವುದಿಲ್ಲ ಎಂದರು. ಯಾರೂ ಕೇಳಲಿಲ್ಲ. ಅಪ್ಪ ಮಾತ್ರ ಕುಡಚಡೆಯಲ್ಲಿ ಅದಿರಿನ ಲಾರಿ ತುಂಬಿಸಿ ಕೆಂಪು ಧೂಳಿನಲ್ಲಿ ಮನೆಗೆ ಬಂದು, ಅವಳ ತಮ್ಮ ಬಾಳು ಓದಿ ತೋರಿಸಿದ ಮೇಲೆ, ಚಲೋ ಬರದಾಳ, ಆದರ ಈ ಮಡಗಾಂವಕರ್ ಯಾರವಾ, ನಿನ್ನ ಸುದ್ದಿ ಅಂವ ಯಾಕ ಹಾಕ್ಕೊಂಡಾನ ಎಂದ, ಅವಳು ಬಿಡಿಸಿ ಹೇಳಲು ಹೋಗಲಿಲ್ಲ, ಅಪ್ಪ ಸಾಯುವವರೆಗೂ ಆ ಮಡಗಾಂವಕರ್ ಎಂಬ ಕಳ್ಳನ ಮೇಲೆ ಸಿಟ್ಟು ಇಟ್ಟುಕೊಂಡಿದ್ದ.

ಬೆನಾವಲಿ ತಿರುವಿನಲ್ಲಿ ಮೀನಿನ ಬುಟ್ಟಿಯ ಮುದುಕಿ, ನಾಲ್ಕು ಬಂಗಡೆ, ಮುದುಕಿ ಮೀನು ಬಿಟ್ಟು ಅವಳ ಮುಖವನ್ನೇ ನೋಡಿ ಟೀವಿಯವಳಲ್ಲವೇ, ಪುಂಡಲೀಕ ಸಿಕ್ಕಿದನಾ ಎಂದಳು, ಇಲ್ಲ ಎಂದಳು ಅಂಬಿಕಾ, ಚೀಲದೊಳಗೆ ಅವನ ಊಟ ಬೀಳುತ್ತಿರುವಾಗಲೇ ಇಲ್ಲ ಎಂದಳು, ಎಷ್ಟು ಸಲೀಸು, ಟೀವಿ ಕಲಿಸಿದ್ದು ಅದನ್ನೇ, ಪತ್ರಿಕೆಯಲ್ಲಿ ಒಂದು ಸಾಲು ತಪ್ಪಿದರೆ ಮರುದಿನ ಮೂಲೆಯಲ್ಲಿ ತಿದ್ದುಪಡಿ ಹಾಕಬೇಕು, ಟೀವಿಯಲ್ಲಿ ತಪ್ಪನ್ನು ಹತ್ತು ಸಲ ಹೇಳಿದರೆ ಹನ್ನೊಂದನೆಯ ಸಲ ಬೆಳವಣಿಗೆ ಎನಿಸಿಕೊಳ್ಳುತ್ತದೆ, ಹತ್ತು ವರ್ಷದಲ್ಲಿ ಅವಳು ಏಳು ಸರ್ಕಾರ ಬೀಳಿಸಿದ್ದಾಳೆ, ಬಿದ್ದದ್ದು ಒಂದು, ಅದೂ ಅವಳು ರಜೆಯಲ್ಲಿದ್ದಾಗ. ಫೋನು, ಈ ಸಲ ಚಾನೆಲಿನ ಚೀಫ್, ರಸ್ತೆ ಬದಿ ನಿಲ್ಲಿಸಿ ಎತ್ತಿದಳು, ಚೀಫ್ ಯಾವಾಗಲೂ ಓಡುತ್ತ ಮಾತಾಡುವವನ ಹಾಗೆ ಮಾತಾಡುತ್ತಾನೆ, ಕುರ್ಚಿಯಲ್ಲೇ ಕೂತಿರುತ್ತಾನೆ, ಅಂಬಿಕಾ, ಎಲ್ಲರ ಹತ್ತಿರವೂ ಗೇಟು ಇದೆ, ನನಗೆ ಗೇಟು ಬೇಡ, ಮನುಷ್ಯ ಬೇಕು, ಇವತ್ತು ನಮ್ಮದೇ ಎನ್ನುವಂಥದ್ದು ಏನೂ ಬರದಿದ್ದರೆ ದಕ್ಷಿಣ ಗೋವದ ಕಚೇರಿ ಮುಚ್ಚುತ್ತೇವೆ, ಮಾಲೀಕರು ನೇರ ಹೇಳಿದ್ದಾರೆ, ದಕ್ಷಿಣ ಗೋವದ ಕಚೇರಿ ಎಂದರೆ ಅವಳು, ಮಧು, ಒಂದು ಪ್ಲಾಸ್ಟಿಕ್ ಕುರ್ಚಿ. ಪ್ರಯತ್ನ ಮಾಡುತ್ತೇನೆ ಸರ್ ಎಂದಳು, ಚೀಲದಿಂದ ಮೀನಿನ ನೀರು ಸ್ಕೂಟರಿನ ಮೇಲೆ ತೊಟ್ಟಿಕ್ಕುತ್ತಿತ್ತು.

ಮೋತಿ ಡೊಂಗರಿನ ಬುಡದಲ್ಲಿ ಸ್ಕೂಟರು ಬಿಡಬೇಕು, ಮುಂದೆ ಮೆಟ್ಟಿಲು, ಬಲಕ್ಕೊಂದು ಎಡಕ್ಕೊಂದು ತಗಡು, ಇಟ್ಟಿಗೆ, ನೀಲಿ ತಾಡಪಾಲು, ಒಂದರ ಹೆಗಲ ಮೇಲೆ ಒಂದು ಕೂತ ಮನೆಗಳು, ಯಾವುದಕ್ಕೂ ಕಾಗದವಿಲ್ಲ, ಪ್ರತಿ ಚುನಾವಣೆಗೆ ಕೊಡುತ್ತೇವೆ ಎನ್ನುತ್ತಾರೆ, ಚುನಾವಣೆ ಮುಗಿದ ಮೇಲೆ ಕೆಡವುತ್ತೇವೆ ಎನ್ನುತ್ತಾರೆ, ಎರಡನ್ನೂ ಅವಳೇ ಟೀವಿಯಲ್ಲಿ ಓದಿದ್ದಾಳೆ, ಪಣಜಿಯ ಬಾಡಿಗೆ ಫ್ಲ್ಯಾಟಿಗೆ ಹೋದ ಮೇಲೂ ವಾರಕ್ಕೊಮ್ಮೆ ಬರುತ್ತಾಳೆ, ಮುಖಕ್ಕೆ ವೇಲು ಸುತ್ತಿಕೊಂಡು, ಬಿಸಿಲಿಗೆ ಎಂದು ತನಗೆ ತಾನೇ ಹೇಳಿಕೊಂಡು. ನಳದ ಹತ್ತಿರ ಮುರುಗೆವ್ವ ಕೊಡ ತಿಕ್ಕುತ್ತ ಕೂತಿದ್ದಳು, ಅಂಬಿಕಾ ಚೀಲ ಹಿಂದೆ ಮುಚ್ಚಿಕೊಂಡಳು, ಮುರುಗೆವ್ವ ತಲೆ ಎತ್ತದೆ, ಮೀನ ತಂದ್ಯೇನವಾ, ಅಂವ ಎರಡು ಸಲ ಹೊರಗ ಬಂದು ನೋಡಿ ಹೋದ ಎಂದಳು. ಯಾರು ಎಂದಳು ಅಂಬಿಕಾ, ವೃತ್ತಿಧರ್ಮ. ಎಮ್ಮೆಲ್ಲೆ, ಇನ್ಯಾರು, ನಿನಗಿನ್ನೂ ಗೊತ್ತಿಲ್ಲೇನು, ಸೋಮವಾರ ಬಂದಾನ, ಮುಂಜಾನಿ ಪಾಯಖಾನಿ ಪಾಳಿಯೊಳಗ ತಂಬಗಿ ಹಿಡ್ಕೊಂಡು ನನ್ನ ಹಿಂದ ನಿಂತಿದ್ದ, ನೀವು ಮುಂದ ಹೋಗ್ರಿ ಸಾಹೇಬ್ರ ಅಂದ್ರ ಒಲ್ಲೆ ಅಂದ, ಚಲೋ ಮನಷ್ಯಾ. ಪಾಳಿ. ಪಾಳಿಯಲ್ಲಿ ಎಷ್ಟು ಜನ, ನಲವತ್ತು ಮನೆಯವರು, ನಲವತ್ತು ಮನೆಗೆ ಮೂರು ದಿನದಿಂದ ಗೊತ್ತು, ಪ್ಲಂಬರನಿಗೆ ಗೊತ್ತು, ಕುಂಡಯಿಯ ಫ್ಯಾಕ್ಟರಿಗೆ ಹೋಗಿ ಬರುವ ಪರಶುವಿಗೆ ಗೊತ್ತು, ಒಬ್ಬರ ಬಾಯಿಂದಲೂ ಒಂದು ಮಾತು ಕೆಳಗೆ ಇಳಿದಿಲ್ಲ, ಆರು ಚಾನೆಲ್, ಹನ್ನೆರಡು ಪತ್ರಿಕೆ, ಪೊಲೀಸಿನ ವಿಶೇಷ ದಳ, ಇಷ್ಟೂ ಜನ ಗೇಟು ಕಾಯುತ್ತ ನಿಂತಾಗ ಇಡೀ ಗೋವದಲ್ಲಿ ಸುದ್ದಿ ಗೊತ್ತಿದ್ದದ್ದು ಇಲ್ಲಿ, ಗೊತ್ತಿಲ್ಲದಿದ್ದದ್ದು ಇಲ್ಲಿಯ ಒಬ್ಬಳೇ ಪತ್ರಕರ್ತೆಗೆ.

ಮೀನಿನ ಚೀಲವನ್ನು ರಮಜಾನಬಿಯ ಕೈಗೆ ಕೊಟ್ಟಳು, ತನ್ನ ಮನೆಯ ಬಾಗಿಲು ತಗ್ಗು, ಬಗ್ಗಿ ಒಳಗೆ ಹೋದರೆ ಕಣ್ಣಿಗೆ ಕತ್ತಲೆ, ಆಮೇಲೆ ಟೀವಿಯ ಬೆಳಕು, ಟೀವಿಯಲ್ಲಿ ಅವಳೇ, ಬೆಳಿಗ್ಗೆಯ ಅವಳು, ವಿಶ್ವಸನೀಯ ಮೂಲಗಳ ಪ್ರಕಾರ, ಮಂಚದ ಮೇಲೆ ಬಾಳುವಿನ ಲುಂಗಿ ಉಟ್ಟ ಪುಂಡಲೀಕ ಬಾಬ, ನಲವತ್ತೈದರ ಗುಂಡು ದೇಹ, ಮೂರು ದಿನದ ಗಡ್ಡ, ಕೊಂಕಣಿಯಲ್ಲಿ, ದಿಲ್ಲಿ ಯಾಕೆ ಹಾಕಿದಿರಿ ಮೇಡಂ, ದಿಲ್ಲಿ ನನಗೆ ಆಗಿಬರುವುದಿಲ್ಲ, ಮುಂಬಯಿ ಎಂದಿದ್ದರೆ ನಡೆಯುತ್ತಿತ್ತು ಎಂದ, ದೂರಲ್ಲ, ಸಲಹೆ. ಇವನ ತಂದೆಯ ಮನೆಯಲ್ಲಿ ಶಿವವ್ವ ಹನ್ನೆರಡು ವರ್ಷ ಪಾತ್ರೆ ತಿಕ್ಕಿದವಳು, ಇವನನ್ನು ಸೊಂಟದ ಮೇಲೆ ಹೊತ್ತು ಉಣಿಸಿದವಳು, ಆರು ವರ್ಷದವರೆಗೆ ಇವನು ಅಡುಗೆಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತಿದ್ದನಂತೆ, ಅಲ್ಲಿಗೇ ನಿಂತುಬಿಟ್ಟ ಕನ್ನಡ ಇನ್ನೂ ಹಾಗೇ ಇದೆ, ಶಿವವ್ವಾ ನಂಗ ಮಮ್ಮು ಕೊಡು ಎಂದ, ಗೋವದ ಸರ್ಕಾರವನ್ನು ಎಡಗೈಯಲ್ಲಿ ಹಿಡಿದವನು ಬಲಗೈ ಚಾಚಿ, ಶಿವವ್ವ ಬಂತಪಾ ಬಂತು, ರಮಜಾನಬಿ ಮೀನ ಹುರಿಯಾಕತ್ತಾಳ ಎಂದಳು. ಇಲ್ಲಿಗೆ ಯಾಕೆ ಬಂದಿರಿ ಎಂದು ಅಂಬಿಕಾ ಕೇಳಿದಳು, ಅವನು ಲುಂಗಿಯ ಅಂಚು ಸುತ್ತುತ್ತ ಹೇಳಿದ, ಆಳುವವರು ಗುಡಿಗೆ ಕರೆದೊಯ್ದು ದೀಪ ಮುಟ್ಟಿಸಿ ಆಣೆ ಹಾಕಿಸಿದರು, ಅದೇ ಸಂಜೆ ವಿರೋಧದವರು ಇಗರ್ಜಿಗೆ ಕರೆದೊಯ್ದು ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿದರು, ಯಾರಿಗೂ ಬೇಜಾರು ಮಾಡುವ ಸ್ವಭಾವ ನನ್ನದಲ್ಲ, ರಾತ್ರಿ ಕೂತು ನೋಡಿದರೆ ಎರಡೂ ದೇವರು ನನ್ನ ಮೇಲೆ, ಜ್ವರ ಬಂತು, ಹೆಂಡತಿ ಎದುರಿಗೆ ಅಳಲಿಕ್ಕಾಗುವುದಿಲ್ಲ, ಬಾಳುವಿನ ಟೆಂಪೋ ಕಂಡಿತು, ಹತ್ತಿ ಬಂದೆ.

ಅವಳ ಕೈ ಫೋನಿನ ಮೇಲೆ ಇತ್ತು, ಯಾವಾಗ ಹೋಯಿತೋ, ಹೆಬ್ಬೆರಳು ಕ್ಯಾಮೆರಾ ಗುಂಡಿಯ ಮೇಲೆ, ಚೌಕಟ್ಟಿನಲ್ಲಿ ಲುಂಗಿ, ಗಡ್ಡ, ತಟ್ಟೆ, ಹಿಂದಿನ ಗೋಡೆಯ ಮೇಲೆ ಅಪ್ಪನ ಫೋಟೋ, ಒಂದು ಒತ್ತು, ಅಷ್ಟೇ, ಒಂದು ನಿಮಿಷದಲ್ಲಿ ಆರೂ ಚಾನೆಲ್ ಅವಳ ಹಿಂದೆ, ಚೀಫ್ ಕುರ್ಚಿಯಿಂದ ಏಳುತ್ತಾನೆ, ಪ್ಲಾಸ್ಟಿಕ್ ಕುರ್ಚಿ ಉಳಿಯುತ್ತದೆ — ಉಣ್ಣೂಮುಂದ ಫೋಟೋ ತಗೀಬ್ಯಾಡ ಎಂದಳು ಶಿವವ್ವ, ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ. ಅವ್ವಾ, ನನ್ನ ನೌಕರಿ ಹೋಗತೈತಿ. ಶಿವವ್ವ ಹಿಟ್ಟಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಗಳನ್ನು ನೋಡಿದಳು, ನಿನ್ನ ನೌಕರಿ ಒಂದ ಹೋಗತೈತಿ ಅಂಬಿ, ನೀ ಈ ಮನಿ ತೋರಿಸಿದರ ಸೋತವರು ನಾಳೆ ಜೆಸಿಬಿ ಕಳಸ್ತಾರ, ಅದು ನಮ್ಮ ಮನಿ ಮುಂದ ನಿಂದ್ರೂದಿಲ್ಲ, ನಲವತ್ತೂ ಮನಿ ಹೋಗ್ತಾವು, ಅವರೆಲ್ಲಾ ನನ್ನ ಮಾರಿ ನೋಡಿ ಬಾಯಿ ಮುಚ್ಕೊಂಡಾರ. ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು, ಪುಂಡಲೀಕ ತಟ್ಟೆ ನೋಡುತ್ತ ಮೆಲ್ಲಗೆ, ಬೆದರಿಕೆಯಂತೆ ಅಲ್ಲ, ಹವಾಮಾನ ಹೇಳಿದ ಹಾಗೆ, ಇಷ್ಟು ವರ್ಷದಿಂದ ಪತ್ರಿಕಾಗೋಷ್ಠಿಯಲ್ಲಿ ನಿಮ್ಮನ್ನು ಮಡಗಾಂವಕರ್ ಮೇಡಂ ಎಂದು ಕರೆದಿದ್ದೇನೆ, ನೀವು ಯಾರ ಮಗಳು ಎಂದು ನಾನು ಯಾರಿಗಾದರೂ ಹೇಳಿದ್ದೇನೆಯೇ ಎಂದ. ಅಂಬಿಕಾಳ ವೇಲು ಇನ್ನೂ ಕುತ್ತಿಗೆಗೆ ಸುತ್ತಿಕೊಂಡೇ ಇತ್ತು, ಇವನಿಗೆ ಗೊತ್ತಿತ್ತು, ಎಲ್ಲ ಪ್ರಶ್ನೆ ಕೇಳುವಾಗಲೂ, ನೀವು ಪಕ್ಷ ಬದಲಿಸಿದ್ದು ಎಷ್ಟನೇ ಸಲ ಎಂದು ಚುಚ್ಚಿದಾಗಲೂ ಇವನಿಗೆ ಗೊತ್ತಿತ್ತು, ನಕ್ಕು ಸುಮ್ಮನಿದ್ದ. ಫೋನನ್ನು ಬೋರಲು ಮಾಡಿ ಮಂಚದ ಮೇಲೆ ಇಟ್ಟಳು. ರಮಜಾನಬಿ ಮೀನು ತಂದಳು.

ಆಮೇಲಿನದು ಅವಳ ಕಣ್ಣೆದುರೇ ನಡೆಯಿತು, ಮುಂದೆ ಯಾವ ಪುಸ್ತಕದಲ್ಲೂ ಬರೆಯಲಾಗದು ಎಂದು ಆಗಲೇ ಅನಿಸಿತ್ತು, ಶಿವವ್ವ ಮೀನಿನಿಂದ ಎರಡು ಮಾರು ದೂರ ಕೂತು, ಸೆರಗು ಮೂಗಿಗೆ ಹಿಡಿದು, ಪುಂಡೂ, ಗುಡಿಯೊಳಗ ಖರೇ ಏನಂದಿ, ಇದ್ದದ್ದ ಇದ್ದಂಗ ಹೇಳು ಎಂದಳು. ನಿಮ್ಮ ವಿರುದ್ಧ ಕೈ ಎತ್ತುವುದಿಲ್ಲ ಎಂದೆ. ಇಗರ್ಜಿಯೊಳಗ. ಸರ್ಕಾರದ ಪರವಾಗಿ ಕೈ ಎತ್ತುವುದಿಲ್ಲ ಎಂದೆ. ಇನ್ನೊಮ್ಮೆ ಹೇಳಿಸಿದಳು, ನಲವತ್ತು ವರ್ಷ ಗುತ್ತಿಗೆದಾರರ ಮಾತು ಕೇಳಿದವಳು, ಅವರು ಅಂದದ್ದು ಯಾವುದು, ಅನ್ನದೆ ಬಿಟ್ಟದ್ದು ಯಾವುದು ಎಂದು ಮಾತಿನ ಹೊಲಿಗೆ ಬಿಚ್ಚಿ ನೋಡುವವಳು, ಒಲೆಯ ಕೊಳ್ಳಿ ಹಿಂದಕ್ಕೆ ಎಳೆದಳು, ಹಂಗಾರ ಕೈನ ಎತ್ತಬ್ಯಾಡ, ಹೋಗಿ ಸುಮ್ಮ ಕುಂದರು, ಎರಡೂ ಆಣಿ ಉಳೀತಾವು. ಪುಂಡಲೀಕನ ಬಾಯಿ ತೆರೆದೇ ಇತ್ತು, ಮೀನಿನ ಮುಳ್ಳು ತುಟಿಯ ಮೇಲೆ, ಮೂರು ದಿನ, ಬಾಳುವಿನ ಫೋನಿನಲ್ಲಿ ಕೇಳಿದ ಇಬ್ಬರು ವಕೀಲರು, ಒಬ್ಬ ಜ್ಯೋತಿಷಿ, ಯಾರಿಗೂ ಹೊಳೆದಿರಲಿಲ್ಲ, ಅಂಬಿಕಾಳಿಗೂ ಹೊಳೆದಿರಲಿಲ್ಲ, ಅವಳು ವಿಶ್ವಾಸಮತ ಕುರಿತು ನಾಲ್ಕು ವಿಶೇಷ ಕಾರ್ಯಕ್ರಮ ಮಾಡಿದ್ದಾಳೆ. ನಳಕ್ಕೆ ನೀರು ಮುಂಜಾನೆ ನಾಲ್ಕಕ್ಕೆ ಅರ್ಧ ತಾಸು ಮಾತ್ರ ಬರುತ್ತದೆ ಎಂದು ಈಗ ನನಗೆ ತಿಳಿಯಿತು ಶಿವವ್ವಾ, ದೇವರಾಣೆ ಸರಿ ಮಾಡಿಸುತ್ತೇನೆ ಎಂದು ಅವನು ಎದೆ ಮುಟ್ಟಿಕೊಂಡ, ಶಿವವ್ವ ಕೈ ಅಡ್ಡ ಹಿಡಿದಳು, ಆಣಿ ಸಾಕಪಾ, ಪೈಪು ಹಾಕಸು.

ಒಂದು ಗಂಟೆಗೆ ಟೆಂಪೋ ಹೊರಟಿತು, ಬಾಳು ಸ್ಟೇರಿಂಗ್ ಹಿಂದೆ, ಅವನ ಪಕ್ಕ ತಲೆಗೆ ಟವೆಲು ಸುತ್ತಿದ ಶಾಸಕ, ಬಾಗಿಲಿಗೆ ಒತ್ತಿಕೊಂಡು ಅಂಬಿಕಾ, ಹಿಂದೆ ಇಪ್ಪತ್ತು ಚೀಲ ಈರುಳ್ಳಿ, ಮೂವರ ಮಂಡಿ ಒಂದಕ್ಕೊಂದು ಬಡಿಯುತ್ತ ಪರ್ವರಿಯ ವಿಧಾನಸಭೆಗೆ, ಹೊರಗೆ ಬಂದಾಗ ಮೊದಲ ಮಾತು ನಿಮ್ಮ ಮೈಕಿಗೇ ಎಂದು ಅವನು ಹೇಳಿದ, ಅವಳು ನಂಬಲಿಲ್ಲ, ಶಾಸಕರ ಮಾತು ನಂಬಿದ್ದರೆ ಇಷ್ಟು ವರ್ಷ ಈ ಕೆಲಸ ಮಾಡಲು ಆಗುತ್ತಿತ್ತೇ. ಕುಠ್ಠಾಳಿ ದಾಟುವಾಗ ಫೋನು, ರಂಜನಾ, ನೇರ ಪ್ರಸಾರದಲ್ಲೇ ಇದ್ದಾಳೆ, ನಮ್ಮ ಹಿರಿಯ ಪ್ರತಿನಿಧಿ ಅಂಬಿಕಾ ಮಡಗಾಂವಕರ್ ಫೋನಿನಲ್ಲಿದ್ದಾರೆ, ಅಂಬಿಕಾ, ಪುಂಡಲೀಕ ಬಾಬ ಬಗ್ಗೆ ಏನು ಹೊಸ ಮಾಹಿತಿ. ಪುಂಡಲೀಕ ಬಾಬ ಟವೆಲನ್ನು ಇನ್ನೂ ಕೆಳಗೆ ಎಳೆದುಕೊಂಡ, ಬಾಳು ಗೇರು ಬದಲಿಸುವುದನ್ನು ಮರೆತ, ಟೆಂಪೋ ಮುಲುಗಿತು, ದಿಲ್ಲಿ ಎನ್ನಲು ನಾಲಿಗೆ ಎತ್ತಿದಳು, ಏಳಲಿಲ್ಲ, ಒಂದು ನಿಜ ಹೇಳಬೇಕು ಅನ್ನಿಸಿತು, ಒಂದಾದರೂ, ಸಣ್ಣದಾದರೂ, ರಂಜನಾ, ವಿಶ್ವಸನೀಯ ಮೂಲಗಳ ಪ್ರಕಾರ ಅವರ ಊಟ ಆಗಿದೆ. ಆ ಕಡೆ ರಂಜನಾ ಕೆಮ್ಮಿದಳು. ಊಟ ಎಂದರೆ, ಅಂಬಿಕಾ, ಔತಣ ರಾಜಕೀಯವೇ. ಸಾಧಾರಣ ಊಟ, ರೊಟ್ಟಿ, ಮೀನು. ಪುಂಡಲೀಕ ಬಾಬ ತೃಪ್ತಿಯಿಂದ ತೇಗಿದ, ಅದೂ ಪ್ರಸಾರವಾಯಿತು, ಎರಡು ನಿಮಿಷದಲ್ಲಿ ತೆರೆಯ ಕೆಳಗೆ ಪಟ್ಟಿ ಓಡಿತು, ಮೀನೂಟದ ಹಿಂದೆ ಯಾರು.

ವಿಧಾನಸಭೆಯ ರಸ್ತೆಯ ಮೂಲೆಯಲ್ಲಿ ಅವಳು ಮೊದಲೇ ಇಳಿದಳು, ಟೆಂಪೋ ಮುಂದೆ ಹೋಯಿತು, ವಾರ್ಕಾದಿಂದ ಮಧು ಕ್ಯಾಮೆರಾ, ಮೈಕು ಹೊತ್ತು ಆಗಲೇ ಬಂದಿದ್ದ, ಟವೆಲು ಬಿಚ್ಚಿದ ಕೂಡಲೇ ಕ್ಯಾಮೆರಾಗಳು ಜೇನಿನಂತೆ ಮುತ್ತಿದವು, ಅವನು ಬಾಯಿ ಬಿಡಲಿಲ್ಲ, ಮೂರು ಗಂಟೆಗೆ ಮತ, ಪತ್ರಕರ್ತರ ಗ್ಯಾಲರಿಯಿಂದ ಬಗ್ಗಿ ನೋಡಿದರೆ ಆ ಕಡೆಯ ಕೈಗಳು ಎದ್ದವು, ಈ ಕಡೆಯ ಕೈಗಳು ಎದ್ದವು, ನಡುವೆ ಪುಂಡಲೀಕ ಬಾಬ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ತಪ್ಪಿ ಎದ್ದಾವೆಂಬ ಭಯಕ್ಕೆ ಅವುಗಳ ಮೇಲೇ ಕೂತಿದ್ದ, ಲೆಕ್ಕ ಸಮವಾಯಿತು, ಸಭಾಧ್ಯಕ್ಷರು ತಮ್ಮ ನಿರ್ಣಾಯಕ ಮತ ಹಾಕಿ ಸರ್ಕಾರ ಉಳಿಸಿದರು, ಗೆದ್ದವರಿಗೂ ಪೂರ್ತಿ ಖುಷಿಯಿಲ್ಲ, ಸೋತವರಿಗೆ ಯಾರನ್ನು ಬೈಯಬೇಕು ತಿಳಿಯಲಿಲ್ಲ. ಹೊರಗೆ ಬಂದವನು ಅವಳ ಮೈಕಿನ ಮುಂದೆಯೇ ನಿಂತ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ಶಾಸಕ ಕೊಟ್ಟ ಮಾತು ಉಳಿಸಿಕೊಂಡ, ನಾನು ನನ್ನ ಆತ್ಮಸಾಕ್ಷಿಯ ಮಾತು ಕೇಳಿದೆ ಎಂದಷ್ಟೇ ಹೇಳಿ ಕಾರು ಹತ್ತಿದ, ಆತ್ಮಸಾಕ್ಷಿ ಈ ಹೊತ್ತಿಗೆ ಮೀನಿನ ತಟ್ಟೆಯನ್ನು ರಮಜಾನಬಿಯ ಕೈಯಿಂದ ತೊಳೆಸುತ್ತಿರಬೇಕು, ಕಿವಿಯಲ್ಲಿ ರಂಜನಾಳ ಜೊತೆ ನಾಲ್ವರು ತಜ್ಞರು, ಇದು ದೂರದೃಷ್ಟಿಯ ನಡೆ, ಆರು ತಿಂಗಳಿಂದ ರೂಪಿಸಿದ ತಂತ್ರ, ಇದರ ಹಿಂದೆ ಪಳಗಿದ ರಾಜಕೀಯ ಮಿದುಳು ಇದೆ ಎಂದು ಒಬ್ಬ ಹೇಳಿದ, ಅವನೊಬ್ಬ ಹೇಳಿದ್ದು ಸರಿ.

ವಿಧಾನಸಭೆಯ ಗೇಟಿನ ಹತ್ತಿರ ಯಾರೋ ಮೊಬೈಲು ಮೇಲೆತ್ತಿ ಹಿಡಿದಿದ್ದರು, ಅದರಲ್ಲಿ ಮಧ್ಯಾಹ್ನದ ವೀಡಿಯೋ, ಈರುಳ್ಳಿ ಟೆಂಪೋ, ಬಾಗಿಲು ತೆರೆದು ಇಳಿಯುತ್ತಿರುವ ಒಬ್ಬ ಹೆಂಗಸು, ವೇಲು ಗಾಳಿಗೆ ಸರಿದಿದೆ, ಇದು ಮೇಡಂ ಅಲ್ಲವೇ, ಮೇಡಂ, ಮೇಡಂ, ಒಂದು ನಿಮಿಷ, ಹಿಂದಕ್ಕೆ ಸರಿದರೆ ಗೋಡೆ, ಎದುರಿಗೆ ನಿನ್ನೆಯವರೆಗೆ ಚಹಾ ಹಂಚಿಕೊಂಡವರು, ಅವರ ಕಣ್ಣುಗಳೆಲ್ಲ ಕ್ಯಾಮೆರಾ, ಮೂರು ದಿನ ಅವರು ಎಲ್ಲಿದ್ದರು, ನಿಮಗೆ ಗೊತ್ತಿತ್ತು, ಯಾರ ಮನೆಯಲ್ಲಿದ್ದರು, ಕಿವಿಯಲ್ಲಿ ಈಗ ರಂಜನಾ ಅಲ್ಲ, ಚೀಫ್, ಓಡುತ್ತ, ಈ ಸಲ ಖರೇ ಎದ್ದು ಓಡುತ್ತಿರಬೇಕು, ಹೇಳು ಅಂಬಿಕಾ, ನಮ್ಮ ಚಾನೆಲಿಗೆ ಹೇಳು, ಇಲ್ಲವಾದರೆ ನಾಳೆಯಿಂದ ಬರಬೇಡ, ಅವಳು ಕಿವಿಯ ಗುಂಡಿ ಕಿತ್ತಳು, ಕಿವಿ ತುರಿಸಿಕೊಂಡಳು, ಎಷ್ಟು ಹಾಯೆನಿಸಿತು, ಹತ್ತೊಂಬತ್ತು ವರ್ಷ ಎಳನೀರಿನವನನ್ನು, ಲಿಫ್ಟಿನವನನ್ನು, ಕೆಲವು ಸಲ ಯಾರೂ ಅಲ್ಲದವರನ್ನು ಮೂಲ ಎಂದು ಕರೆದವಳಿಗೆ ಇವತ್ತು ಮೊದಲ ಸಲ ಖರೇ ಒಂದು ಮೂಲ ಇದೆ, ಸೆರಗು ಮೂಗಿಗೆ ಹಿಡಿದು ಕೂತ ಮೂಲ, ಅವಳು ಹೇಳಿದಳು, ನಾನು ಪತ್ರಕರ್ತೆ, ಮೂಲ ಯಾರೆಂದು ಹೇಳುವುದಿಲ್ಲ — ಮುಚ್ಚಿಡುತ್ತಿರುವುದು ಮೂಲವನ್ನೋ, ಗುಡ್ಡದ ಮನೆಗಳನ್ನೋ, ನನ್ನನ್ನೋ, ಅದನ್ನು ಯಾರೂ ಕೇಳಲಿಲ್ಲ, ಯಾರೂ ಸರಿಯಲೂ ಇಲ್ಲ, ಮೈಕುಗಳು ಹಾಗೇ ನಿಂತವು, ಎಲ್ಲಕ್ಕಿಂತ ಮುಂದೆ ಒಂದು ಕೆಂಪು ಸ್ಪಂಜು, ಹಿಡಿದ ಕೈ ಮಧುವಿನದು, ಅವನ ಕಿವಿಯಲ್ಲೂ ಚೀಫ್ ಇರಬೇಕು, ಅವಳದೇ ಮೈಕು, ಹತ್ತು ವರ್ಷ ಅದನ್ನು ಹಿಡಿಕೆಯ ಕಡೆಯಿಂದಲೇ ಹಿಡಿದವಳು ಅದರ ಮುಖ ನೋಡಿಯೇ ಇರಲಿಲ್ಲ, ನೋಡಿದರೆ ನಡುವೆ ಒಂದು ತೂತು, ತೂತಿನ ಸುತ್ತ ಎಷ್ಟೋ ಮಂತ್ರಿಗಳ ಉಗುಳು ಒಣಗಿ ಕರಿ ಕಟ್ಟಿದೆ, ಎಲೆಯಡಿಕೆಯ ಕಲೆ, ಅದು ಅವಳ ತುಟಿಗೆ ಇನ್ನೊಂದು ಬೆರಳು ಹತ್ತಿರ ಬಂತು, ಕೆಂಪು ಸ್ಪಂಜು, ನಡುವೆ ತೂತು, ಕಾಯುತ್ತಿದೆ, ತೂತು, ಕೆಂಪು ಸ್ಪಂಜಿನ ನಡುವಿನ ಆ ತೂತು